ಎಂಜಲು ಗುಳಿಗೆ

ನನ್ನ ಓರಗಿತ್ತಿ ಉಲ್ಬೋಸಿನ್ ಹೊಟ್ಟೆಯಲ್ಲಿ ಯಾವ ಔಷಧಿಗೂ ಸಾಯದ ಕ್ರಿಮಿ ಕೂತಿದೆಯಂತೆ, ಅವಳು ಮುಟ್ಟಿದ ಬಾಗಿಲಿನ ಹಿಡಿಯನ್ನೂ ಮುಟ್ಟಬಾರದಂತೆ. ನಮ್ಮೂರು ಶಿಯೆಲಿಯಲ್ಲಿ ಹೀಗೆ ಹೇಳಿಕೊಂಡು ತಿರುಗಿದವರು ಯಾರು ಗೊತ್ತೇ? ಅವಳ ಬಟ್ಟಲಿನ ತಳದ ಚಹಾಕ್ಕಾಗಿ ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದು ನಮ್ಮ ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದವರೇ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಇದನ್ನು ನೆನೆದರಂತೂ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಆದ್ದರಿಂದ ಅವಳ ಕಥೆಯನ್ನು ನಾನೇ ಹೇಳುತ್ತೇನೆ. ನನ್ನ ಹೆಸರು ಕಾಮ್‌ಶಾತ್, ಅವಳ ಮೈದುನನ ಹೆಂಡತಿ.

ಅವಳ ಹೆಸರೇ ಒಂದು ಅನ್ಯಾಯ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಇವಳೂ ಹೆಣ್ಣಾದಾಗ ಅಪ್ಪ ‘ಗಂಡಾಗಲಿ’ ಎಂದು ಹೆಸರಿಟ್ಟ. ಉಲ್ಬೋಸಿನ್ ಎಂದರೆ ಅಷ್ಟೇ. ಇವಳನ್ನು ಕರೆದಾಗಲೆಲ್ಲ ಇನ್ನೊಬ್ಬನನ್ನು ಕರೆದಂತೆ. ಮುಂದಿನದು ಗಂಡೇ ಆಯಿತು. ಆ ತಮ್ಮ ಕುಡಿದು ಕುಡಿದು ಸತ್ತ. ಕೊನೆಗಾಲದಲ್ಲಿ ಅಪ್ಪನ ಹಾಸಿಗೆ ಒಗೆದವಳು ಇವಳು. “ಅಪ್ಪನಿಗೆ ಬೇಡಿದ್ದು ಸಿಕ್ತು, ಆದ್ರೆ ಕೆಲಸಕ್ಕೆ ಬಂದೋಳು ನಾನು,” ಎಂದು ನಗುತ್ತಿದ್ದಳು. ನಾನಾಗಿದ್ದರೆ ನಗುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ಸ್ಟೇಷನ್ನಿಗೆ ಇಳಿದಳು, ಜೊತೆಗೆ ನಾನೂ. ರೈಲು ನಿಲ್ಲುವ ಅಷ್ಟು ಹೊತ್ತಿನಲ್ಲಿ ಬೋಗಿಯಿಂದ ಬೋಗಿಗೆ ಓಡುತ್ತ, ಹಿಟ್ಟಿನ ಉಂಡೆ ಕರಿದು ಮಾಡಿದ ಬೌರ್ಸಾಕನ್ನೂ ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆಗಳನ್ನೂ ಮಾರುವುದು. ಪ್ಲಾಟ್‌ಫಾರ್ಮಿನಲ್ಲಿ ಅವಳ ಬಾಯಿಗೆ ಎದುರಿರಲಿಲ್ಲ.

“ಅಜ್ಜೀ, ಈ ಬೌರ್ಸಾಕ್ ಇವತ್ತಿಂದಾ?” ಎಂದು ಯಾವನಾದರೂ ಕಿಟಕಿಯಿಂದ ಮೂಗು ಚಾಚಿದರೆ, “ಇಲ್ಲಪ್ಪ, ನಾಳೇದು. ನೀನು ಬರ್ತೀಯ ಅಂತ ಬೇಗ ಕರಿದಿಟ್ಟೆ. ತಗೋತೀಯೋ, ಇಲ್ಲಾ ಡ್ರೈವರಿಗೆ ಸ್ವಲ್ಪ ನಿಲ್ಲಪ್ಪಾ ಅಂತ ಹೇಳ್ಲೋ?” ಎನ್ನುತ್ತಿದ್ದಳು. ಕೊಟ್ಟ ಮೇಲೆ ಮರೆಯದೆ ಒಂದು ಮಾತು ಸೇರಿಸುತ್ತಿದ್ದಳು: “ನಾಳೆ ಸಂಜೆವರೆಗೆ ತಿನ್ನು, ಆಮೇಲೆ ನಾಯಿಗೆ ಹಾಕು.”

ಚಹಾಕ್ಕೆ ಎರಡು ಚಮಚ ಸಕ್ಕರೆ ಸುರಿದು ಕದಡದೆ ಕುಡಿಯುವುದು ಅವಳ ಅಭ್ಯಾಸ. ತಳದಲ್ಲಿ ಒಂದು ಗುಟುಕು ಬಿಡುವುದೂ ಅಭ್ಯಾಸ. ಹಿರಿಯರು ತಿಂದು ಕುಡಿದು ಬಿಟ್ಟದ್ದಕ್ಕೆ ನಾವು ಸರ್ಕಿತ್ ಎನ್ನುತ್ತೇವೆ. ಅದನ್ನು ಬಾಯಿಗೆ ಹಾಕಿಕೊಂಡವರಿಗೆ ಬಿಟ್ಟವರ ಆಯಸ್ಸೂ ಅದೃಷ್ಟವೂ ಅಂಟಿಕೊಳ್ಳುತ್ತದೆ. ಬೇರೆ ಮುದುಕಿಯರ ಸರ್ಕಿತ್‌ಗೆ ಮಕ್ಕಳು ಮುಖ ಸಿಂಡರಿಸಿದರೆ, ಉಲ್ಬೋಸಿನ್ ಬಟ್ಟಲಿಗೆ ಜಗಳವಾಡುತ್ತಿದ್ದವು.

ಮೊದಲ ಸಲ ಕಾಯಿಲೆ ಬಂದಾಗ ಅವಳು ಬಕೆಟ್ ಸಮೇತ ಹಳಿಯ ಪಕ್ಕದಲ್ಲೇ ಬಿದ್ದಳು. ರಕ್ತದ ಕ್ಯಾನ್ಸರ್ ಎಂದರು. ನಗರದ ಆಸ್ಪತ್ರೆಗೆ ಸೇರಿಸಿದೆವು. ಕೀಮೋ ಹತ್ತಿಸಿದಾಗ ಒಳ್ಳೆಯ ರಕ್ತಕಣಗಳೂ ಸಾಯುತ್ತವೆ, ಆಗ ಸಣ್ಣ ಸೋಂಕೂ ಕೊಲ್ಲಬಹುದು. ಅದಕ್ಕೆ ಮುಂಜಾಗ್ರತೆಯಾಗಿ ದಿನಕ್ಕೊಂದು ಆಂಟಿಬಯಾಟಿಕ್ ಗುಳಿಗೆ ಕೊಟ್ಟರು. ಆ ಸಲ ಅದು ಅವಳನ್ನು ಕಾಪಾಡಿತು. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಪಕ್ಕದ ಹಾಸಿಗೆಯಲ್ಲಿ ಅರಾಲ್ ಕಡೆಯ ಶಾರಿಪಾ ಎಂಬ ಶಾಲಾ ಟೀಚರ್ ಇದ್ದಳು. ಅವಳ ಚಿಕಿತ್ಸೆ ಮೊದಲು ಮುಗಿಯಿತು. ಹೊರಡುವ ದಿನ ಉಳಿದ ಗುಳಿಗೆಗಳನ್ನೆಲ್ಲ ಉಲ್ಬೋಸಿನ್ ಅಂಗೈಗೆ ಸುರಿದು, “ನಾನು ಗೆದ್ದು ಹೋಗ್ತಿದೀನಿ ಅಪಾ. ಇದು ನನ್ನ ಸರ್ಕಿತ್, ಬೇಡ ಅನ್ಬೇಡಿ,” ಎಂದು ತಬ್ಬಿಕೊಂಡಳು. ಅಪಾ ಎಂದರೆ ನಮ್ಮಲ್ಲಿ ಅಕ್ಕ. ಆ ವಾರ್ಡಿನಲ್ಲಿ ಗೆದ್ದು ಹೋಗುವವರೆಲ್ಲ ಹಾಗೇ ಮಾಡುತ್ತಿದ್ದರು. ನರ್ಸುಗಳು ನೋಡಿ ನಗುತ್ತಿದ್ದರು. ಹಾಗೆ ಮಾಡಬಾರದು ಎಂದು ಒಬ್ಬರೂ ಬಾಯಿ ಬಿಡಲಿಲ್ಲ.

ಉಲ್ಬೋಸಿನ್ ಬಿಡುಗಡೆಯಾದ ದಿನ ವಾರ್ಡಿನ ಮುಖ್ಯ ವೈದ್ಯ ಬಂದ. ಹೆಸರು ಜಾಕ್ಸಿಲಿಕ್ ಓರಾಜೊವಿಚ್. ಜಾಕ್ಸಿಲಿಕ್ ಎಂದರೆ ಒಳ್ಳೆಯತನ, ಹೆಸರಿಟ್ಟವರು ತುಂಬಾ ಆಸೆ ಇಟ್ಟುಕೊಂಡಿದ್ದರೇನೋ. ಕಿವಿಗೆ ಫೋನ್ ಒತ್ತಿಕೊಂಡೇ, “ಮುಂಜಾಗ್ರತೆಗೆ ಆ ಗುಳಿಗೆ ತಗೊಳ್ತಾ ಇರಿ,” ಎಂದು ಹೇಳಿ ಹೋದ. ಎಲ್ಲಿಯವರೆಗೆ ಎಂದು ಹೇಳಲಿಲ್ಲ.

ಹೇಳಿದ ಮಾತು ಮೀರುವವಳಲ್ಲ ಅವಳು. ತಗೊಳ್ಳುತ್ತಾ ಇದ್ದಳು. ಮದುವೆಗೆ ಹೋಗುವ ಮುಂಚೆ ಒಂದು, ಪ್ರಯಾಣಕ್ಕೆ ಮುಂಚೆ ಒಂದು, ಹುಳಿಯಾದ ಕರಬೂಜ ತಿಂದರೆ ಒಂದು. ಮುಗಿದರೆ ಔಷಧಿ ಅಂಗಡಿಯವನು ಸೂರ್ಯಕಾಂತಿ ಬೀಜ ಅಳೆದು ಕೊಟ್ಟಂತೆ ಕೊಡುತ್ತಿದ್ದ. ಚೀಟಿ ಕೇಳಿದವನೇ ಅಲ್ಲ.

ಬೋಳು ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಅವಳು ಮತ್ತೆ ಪ್ಲಾಟ್‌ಫಾರ್ಮಿನಲ್ಲಿ ಓಡಾಡಿದಾಗ ಊರಿಗೆ ಊರೇ ಬೆರಗಾಯಿತು. ಸಾವನ್ನು ಹೊಸಿಲಿನಿಂದ ಹಿಂದಕ್ಕೆ ಕಳಿಸಿದವಳ ಸರ್ಕಿತ್! ಹೆತ್ತವರು ಬಂದರು, ಪರೀಕ್ಷೆ ಬರೆಯುವವರು ಬಂದರು, ಮಕ್ಕಳಾಗದವರು ಬಂದರು. ಒಂದು ಬಟ್ಟಲು ಚಹಾ ಎಷ್ಟು ಜನಕ್ಕೆ ಸಾಲುತ್ತದೆ? ಎದುರುಮನೆಯ ಐನಾಶ್ ಒಂದು ದಿನ, “ಅಪಾ, ದೊಡ್ಡ ಹುಡುಗನಿಗೆ ಕೆಮ್ಮು ನಿಲ್ತಾನೇ ಇಲ್ಲ. ನಿಮ್ಮನ್ನ ಉಳಿಸಿದ ಗುಳಿಗೇಲಿ ಒಂಚೂರು ಕೊಡ್ತೀರಾ?” ಎಂದು ಕೇಳಿದಳು.

ಉಲ್ಬೋಸಿನ್ ಮುಂದಂಗಿಯ ಜೇಬಿನಿಂದ ಗುಳಿಗೆ ತೆಗೆದು ಕಟಕ್ಕನೆ ಹಲ್ಲಿನಲ್ಲಿ ಕಚ್ಚಿದಳು. ಅರ್ಧ ತಾನು ನುಂಗಿದಳು, ಅರ್ಧವನ್ನು ಐನಾಶ್ ಕೈಗಿಟ್ಟಳು. ಇಡೀ ಗುಳಿಗೆ ಕೊಟ್ಟರೆ ಅದು ಬರೀ ಔಷಧಿ. ಕಚ್ಚಿ ಕೊಟ್ಟರೆ ಸರ್ಕಿತ್. ಐನಾಶ್ ಅದನ್ನು ಕಣ್ಣಿಗೊತ್ತಿಕೊಂಡು ಹೋದಳು. ಹುಡುಗನ ಕೆಮ್ಮು ತಾನಾಗಿಯೇ ಹೋಗಿರಬೇಕು, ಹೆಸರು ಗುಳಿಗೆಗೆ ಬಂತು. ಆಮೇಲೆ ನಮ್ಮ ಬೀದಿಯಲ್ಲಿ ಅರ್ಧ ಗುಳಿಗೆ ತಿನ್ನದವರಿಲ್ಲ.

ಎರಡನೇ ಸಲ ಕಾಯಿಲೆ ಮರುಕಳಿಸಿದಾಗ ಆ ವಾರ್ಡಿಗೆ ಟೋಗ್‌ಜಾನ್ ಎಂಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊಸದಾಗಿ ಬಂದಿದ್ದಳು. ಕೀಮೋ ಶುರು ಮಾಡುವ ಮೊದಲು ಉಲ್ಬೋಸಿನ್‌ಳ ಮಲದ ಮಾದರಿ ತೆಗೆದುಕೊಂಡಳು. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಆ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವ ಹೆಸರು ‘ಬಿತ್ತನೆ’.

“ಏನು ಬಿತ್ತೋದು?” ಎಂದು ಉಲ್ಬೋಸಿನ್ ಕೇಳಿದಳು.

“ನಿಮ್ಮ ಹೊಟ್ಟೇಲಿರೋದನ್ನ ಅಪಾ. ಏನು ಮೊಳೆಯತ್ತೆ ನೋಡ್ತೀವಿ.”

“ಅಯ್ಯೋ ನನ್ನ ಕಂದಾ, ಮೊದ್ಲೇ ಹೇಳಬಾರದಿತ್ತಾ? ಶಿಯೆಲಿ ಕರಬೂಜದ ಬೀಜ ನುಂಗ್ಕೊಂಡು ಬರ್ತಿದ್ದೆ!”

ಮೂವರೂ ನಕ್ಕೆವು. ಫಲಿತಾಂಶ ಬಂದ ದಿನ ಜಾಕ್ಸಿಲಿಕ್ ಓರಾಜೊವಿಚ್ ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ವಾರ್ಡಿಗೆಲ್ಲ ಕೇಳುವಂತೆ ಮಾತಾಡಿದ.

“ಇಂಥಾ ಬ್ಯಾಕ್ಟೀರಿಯಾನ ಎಲ್ಲಿಂದ ತಂದ್ರಿ? ನಾವು ಕೊಡೋ ಗುಳಿಗೆಗೆ ಬಗ್ಗಲ್ಲ, ಅದಕ್ಕಿಂತ ಜೋರಾದ ಇಂಜೆಕ್ಷನ್ನಿಗೂ ಬಗ್ಗಲ್ಲ. ಕೈ ತೊಳೆಯಲ್ಲ, ಸಿಕ್ಕ ಸಿಕ್ಕ ಗುಳಿಗೆ ತಿಂಡಿ ತರ ತಿಂತೀರ, ಆಮೇಲೆ ಎಲ್ಲಾನೂ ಹೊತ್ಕೊಂಡು ನಮ್ಮ ತಲೆ ಮೇಲೆ ಬಂದು ಕೂರ್ತೀರ.”

ನನಗೆ ತಡೆಯಲಾಗಲಿಲ್ಲ. “ತಗೊಳ್ತಾ ಇರಿ ಅಂದೋರು ಯಾರ್ರೀ? ನೀವೇ ತಾನೆ, ಇದೇ ಬಾಗಿಲಲ್ಲಿ?”

“ಯಾವಾಗ ನಿಲ್ಲಿಸ್ಬೇಕು ಅನ್ನೋ ಸಾಮಾನ್ಯ ಜ್ಞಾನ ಇರ್ಬೇಕಮ್ಮ.”

ಉಲ್ಬೋಸಿನ್ ಹಾಸಿಗೆಯಲ್ಲಿ ಕೂತಲ್ಲಿಂದಲೇ ಮೆತ್ತಗೆ ಹೇಳಿದಳು: “ಡಾಕ್ಟ್ರೇ, ನಾನು ಬೌರ್ಸಾಕ್ ಮಾರೋಳು. ರೈಲಿನೋರ ಮುಖ ಇನ್ನೊಂದ್ಸಲ ನೋಡಲ್ಲ ನಾನು. ಆದ್ರೂ ಎಲ್ಲೀವರೆಗೆ ತಿನ್ನಬಹುದು ಅಂತ ಹೇಳಿ ಕಳಿಸ್ತೀನಿ.”

ಅವನ ಕಿವಿ ಕೆಂಪಾಯಿತು. ಅಷ್ಟೇ, ಹೊರಟುಹೋದ. ಅಂದು ಸಂಜೆಯೇ ಅವಳನ್ನು ಮನೆಗೆ ಕಳಿಸಿದರು. ಕೀಮೋ ಕೊಡಬೇಕೋ ಬೇಡವೋ ಎಂದು ಸಮಿತಿ ಕೂತು ನಿರ್ಧರಿಸುತ್ತದಂತೆ.

ಮೆಟ್ಟಿಲ ಬಳಿ ಟೋಗ್‌ಜಾನ್ ನನ್ನ ತೋಳು ಹಿಡಿದು ನಿಲ್ಲಿಸಿದಳು. “ನಮ್ಮೆಲ್ಲರ ಕರುಳಲ್ಲೂ ಲೆಕ್ಕ ಇಲ್ಲದಷ್ಟು ಬ್ಯಾಕ್ಟೀರಿಯಾ ಇರ್ತವೆ ಅಪಾ, ಸಾಧು ಪ್ರಾಣಿಗಳು. ಗುಳಿಗೆ ಅವನ್ನೆಲ್ಲ ಕೊಂದು ಹಾಕ್ತು. ಗುಳಿಗೆಗೆ ಸಾಯದೇ ಇರೋ ಒಂದು ಜಾತಿ ಉಳ್ಕೊಂಡು ಮನೆ ಪೂರ್ತಿ ತನ್ನದು ಮಾಡ್ಕೊಂಡಿದೆ. ಈಗ ಅದು ಸುಮ್ನೆ ಇದೆ. ಕೀಮೋ ಕೊಟ್ಟು ರಕ್ತಕಣ ಕಮ್ಮಿ ಆದಾಗ ಕರುಳು ದಾಟಿ ರಕ್ತಕ್ಕೆ ಬರತ್ತೆ.”

“ಕೀಮೋ ಕೊಡದಿದ್ರೆ?”

“ಕ್ಯಾನ್ಸರ್ ಬಿಡಲ್ಲ. ಮುಂದಿನ ಹಬ್ಬದವರೆಗೂ ಇರ್ತಾರೋ ಇಲ್ವೋ.” ಅವಳು ದನಿ ಇಳಿಸಿದಳು. “ದಾರಿ ಇದೆ. ಆ ಬ್ಯಾಕ್ಟೀರಿಯಾ ಒಂದೇ ಒಂದು ಔಷಧಿಗೆ ಹೆದರತ್ತೆ, ಬಿತ್ತನೇಲಿ ಗೊತ್ತಾಯ್ತು. ಬೇರೆ ಕೋಣೆ ಕೊಟ್ಟು, ಆ ಔಷಧಿ ಮೊದ್ಲೇ ತರಿಸಿಟ್ಕೊಂಡು, ಜ್ವರ ಬಂದ ತಕ್ಷಣ ಹಾಕಿದ್ರೆ ಉಳೀಬಹುದು. ಆದ್ರೆ ಅದಕ್ಕೆ ದೊಡ್ಡ ಡಾಕ್ಟ್ರ ಸಹಿ ಬೇಕು.”

ಅಂದರೆ ನನ್ನ ಓರಗಿತ್ತಿಯ ಪ್ರಾಣ ಆ ಒಳ್ಳೆಯತನದ ಪೆನ್ನಿನ ತುದಿಯಲ್ಲಿತ್ತು.

ನಾವು ಶಿಯೆಲಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಊರ ದವಾಖಾನೆಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, ಅಲ್ಲಿಂದ ಮುಂದೆ ಅದಕ್ಕೆ ಕಾಲು ಬೇಕಾಗಲಿಲ್ಲ. ಪ್ಲಾಟ್‌ಫಾರ್ಮಿನ ಹೆಂಗಸರು ಬಕೆಟ್ಟುಗಳನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದರು.

ಅದೇ ವಾರ ಐನಾಶ್‌ಳ ಚಿಕ್ಕ ಮಗ ಹೆಜ್ಜೆ ಇಟ್ಟನೆಂದು ಔತಣ. ಹೆಜ್ಜೆ ಇಟ್ಟ ಮಗುವಿನ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ, ಆರಿಸಿದ ಹೆಂಗಸೊಬ್ಬಳು ಅದನ್ನು ಕತ್ತರಿಸಬೇಕು. ಮಗುವಿನ ಬದುಕು ಅವಳ ಬದುಕಿನಂತೆ ಆಗುತ್ತದೆ. “ಈ ಮಗ ಹೊಟ್ಟೇಲಿದ್ದಾಗಲೇ ಹೇಳಿದೀನಿ, ನೀವೇ ಕತ್ತರಿಸ್ಬೇಕು ಅಪಾ,” ಎಂದು ಐನಾಶ್ ಎಷ್ಟು ಸಲ ಹೇಳಿದ್ದಳೋ. ಬೇಡ ಎಂದು ಹೇಳಿ ಕಳಿಸಿರಲಿಲ್ಲವಲ್ಲ! ಉಲ್ಬೋಸಿನ್ ಮಖಮಲ್ಲಿನ ಮೇಲಂಗಿ ತೊಟ್ಟು, ಸಾಣೆ ಹಿಡಿಸಿದ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಹೊರಟಳು.

ದಾರವನ್ನು ಬ್ಯಾಂಕ್ ಮ್ಯಾನೇಜರನ ಹೆಂಡತಿ ಕತ್ತರಿಸಿದಳು. ಉಲ್ಬೋಸಿನ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಊಟಕ್ಕೆ ಕೂತಾಗ ಎಲ್ಲರ ಮುಂದೆ ಬಂಗಾರದ ಅಂಚಿನ ಪಿಂಗಾಣಿ ಬಟ್ಟಲು ಬಂತು. ಅವಳ ಮುಂದೆ ಪ್ಲಾಸ್ಟಿಕ್ ಲೋಟ ಬಂತು.

“ತಪ್ಪು ತಿಳ್ಕೋಬೇಡಿ ಅಪಾ,” ಎಂದಳು ಐನಾಶ್, ಎಲ್ಲೋ ನೋಡುತ್ತ. “ಮಕ್ಕಳಿರೋ ಮನೆ.”

“ಹೋದ ಚಳಿಗಾಲದಲ್ಲಿ ಇದು ಮಕ್ಕಳಿರೋ ಮನೆ ಆಗಿರ್ಲಿಲ್ವೇನೇ?” ನಾನು ಎದ್ದು ನಿಂತಿದ್ದೆ. “ಅವಳು ಹಲ್ಲಲ್ಲಿ ಕಚ್ಚಿದ್ದನ್ನ ಕಣ್ಣಿಗೊತ್ಕೊಂಡು ಹೋಗಿ ಮಗನ ಬಾಯಿಗೆ ಹಾಕ್ದೆಯಲ್ಲ, ಆಗ ಅದು ಸರ್ಕಿತ್. ಇವತ್ತು ಎಂಜಲು! ನಿನ್ನ ಮಗನ ಹೊಟ್ಟೇಲೇನಿದೆ ಬಿತ್ತಿ ನೋಡಿದೀಯಾ? ಇಲ್ಲಿ ಕೂತು ಮಾಂಸ ಮೆಲ್ತಿದೀರಲ್ಲ, ನಿಮ್ಮಲ್ಲಿ ಯಾರು ನೋಡಿಸ್ಕೊಂಡಿದೀರ?”

ಉಲ್ಬೋಸಿನ್ ನನ್ನ ಅಂಗಿಯ ಅಂಚು ಎಳೆದಳು. “ಕೂತ್ಕೋ ಕಾಮ್‌ಶಾತ್. ಚಹಾ ಆರ್ತಿದೆ.”

ಅವಳು ಆ ಪ್ಲಾಸ್ಟಿಕ್ ಲೋಟದಲ್ಲೇ ಚಹಾ ಕುಡಿದಳು. ಕುಡಿದು, ಕೈ ಅಭ್ಯಾಸಕ್ಕೆ, ತಳದಲ್ಲಿ ಒಂದು ಗುಟುಕು ಬಿಟ್ಟಳು. ನಾವು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಐನಾಶ್ ಆ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಒಲೆಗೆ ಹಾಕಿದಳು. ನಾನು ನೋಡಿದೆ. ಉಲ್ಬೋಸಿನ್ ಕೂಡ ನೋಡಿದಳು. ಬೀದಿ ದಾಟುವಾಗ ಅವಳ ಕೈ ಜೇಬಿನಲ್ಲಿತ್ತು, ಕತ್ತರಿಯ ಮೇಲೆ.

ಮರುದಿನ ನಾನು ನಗರದ ರೈಲು ಹತ್ತಿದೆ. ಜಾಕ್ಸಿಲಿಕ್ ಓರಾಜೊವಿಚ್ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ. ಟೋಗ್‌ಜಾನ್ ಕಿಟಕಿ ಬಳಿ ನಿಂತಿದ್ದಳು.

“ಸಮಿತಿ ಇನ್ನೂ ಸೇರಿಲ್ಲ,” ಎಂದ ಅವನು, ತಲೆ ಎತ್ತದೆ.

“ಅವಳ ರಕ್ತಕ್ಕೆ ನಿಮ್ಮ ಸಮಿತಿ ಗೊತ್ತಿಲ್ಲ. ಕೋಣೆ ಕೊಡಿ.”

“ಒಬ್ಬಳಿಗೋಸ್ಕರ ವಾರ್ಡಲ್ಲಿರೋರನ್ನೆಲ್ಲ ಅಪಾಯಕ್ಕೆ ತಳ್ಳಕ್ಕಾಗಲ್ಲ. ಅದು ಒಬ್ಬರಿಂದ ಒಬ್ಬರಿಗೆ ಹರಡತ್ತೆ.”

“ವಾರ್ಡಲ್ಲಿರೋರದ್ದೆಲ್ಲ ಬಿತ್ತಿ ನೋಡಿದೀರಾ?”

ಉತ್ತರ ಕಿಟಕಿಯ ಕಡೆಯಿಂದ ಬಂತು. “ನಾನು ನೋಡಿದೀನಿ.”

“ಟೋಗ್‌ಜಾನ್!”

“ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದೇ ಇದೆ,” ಎಂದಳು ಅವಳು. “ಉಲ್ಬೋಸಿನ್ ಅಪಾ ಬರೋಕೆ ಮೊದ್ಲೇ ಇತ್ತು. ವರ್ಷಗಟ್ಟಲೆ ಎಲ್ಲರಿಗೂ ಒಂದೇ ಗುಳಿಗೆ ಕೊಟ್ಟಿದೀವಿ. ಗುಳಿಗೆ ಕೆಟ್ಟದ್ದಲ್ಲ. ಒಳಗೇನಿದೆ ಅಂತ ನೋಡದೆ ಮತ್ತೆ ಮತ್ತೆ ಅದನ್ನೇ ಕೊಟ್ವಿ, ಯಾವಾಗ ನಿಲ್ಲಿಸ್ಬೇಕು ಅಂತ ಹೇಳದೆ ಮನೆಗೆ ಕಳಿಸಿದ್ವಿ. ಅರಾಲಿನ ಶಾರಿಪಾ ಕಾಯಿಲೆ ಮರುಕಳಿಸಿ ಮತ್ತೆ ಬಂದಿದ್ರು. ಅವರಿಗೆ ಬಿತ್ತನೆ ಮಾಡ್ಲಿಲ್ಲ. ಅದೇ ಗುಳಿಗೆ ಕೊಟ್ವಿ. ಜ್ವರ ಬಂದಾಗ ಯಾವ ಔಷಧಿ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಅವರೇ ಇರ್ಲಿಲ್ಲ.”

ಶಾರಿಪಾ. ಗೆದ್ದು ಹೋಗುತ್ತಿದ್ದೇನೆ ಎಂದು ತಬ್ಬಿಕೊಂಡವಳು. ಆ ಮನುಷ್ಯ ಅದನ್ನೆಲ್ಲ ತಿಳಿದುಕೊಂಡೇ, ಬಾಗಿಲಲ್ಲಿ ನಿಂತು ಬೌರ್ಸಾಕ್ ಮಾರುವವಳಿಗೆ ಕೈ ತೊಳೆಯುವ ಪಾಠ ಹೇಳಿದ್ದ! ನಾನು ಹೋಗಿ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದೆ. ಹೊರಗೆ ಮೆಟ್ಟಿಲ ಮೇಲೆ ರೋಗಿಗಳ ಮನೆಯವರು ಸಾರಿನ ಪಾತ್ರೆ, ಚಹಾದ ಫ್ಲಾಸ್ಕು ಹಿಡಿದು ಕಾಯುತ್ತಿದ್ದರು.

“ರೈಲು ಸ್ಟೇಷನ್ನಿನ ಹೆಂಗಸು ನಾನು,” ಎಂದೆ. “ಇಂಜಿನ್ ಸದ್ದಿನ ಮೇಲೆ ಕೂಗಿ ರೂಢಿ ಇದೆ. ಈಗ ಕೇಳಿದ್ದನ್ನ ಇಲ್ಲಿಂದಲೇ ಕೂಗ್ಲಾ?”

“ಬಾಗಿಲು ಹಾಕಿ,” ಎಂದ ಜಾಕ್ಸಿಲಿಕ್ ಓರಾಜೊವಿಚ್. “ಮೊದ್ಲು ಬಾಗಿಲು ಹಾಕಿಯಮ್ಮ.”

“ಮೊದ್ಲು ಸಹಿ ಹಾಕಿ.”

ಸಹಿ ಹಾಕಿದ. ಇನ್ನು ಮುಂದೆ ವಾರ್ಡಿಗೆ ಸೇರುವವರೆಲ್ಲರ ಬಿತ್ತನೆ ಮಾಡಿಸಲು ಟೋಗ್‌ಜಾನ್ ಮುಂದಿಟ್ಟ ಹಾಳೆಗೂ ಸಹಿ ಬಿತ್ತು. ಈಗಲೂ ನನಗೆ ಒಂದೇ ವ್ಯಥೆ, ಸಹಿಯಾದ ಮೇಲೂ ಕೂಗಿಬಿಡಬೇಕಿತ್ತು.

ಉಲ್ಬೋಸಿನ್‌ಗೆ ಕಾರಿಡಾರಿನ ಕೊನೆಯ ಕೋಣೆ ಸಿಕ್ಕಿತು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಒಳಗೆ ಹೋಗಿ ಶಾರಿಪಾ ವಿಷಯ ಹೇಳಿದೆ.

“ನನಗೆ ಆಯಸ್ಸು ಕೊಟ್ಟೆ ಅಂದ್ಕೊಂಡೇ ಹೋದ್ಲು ಅವ್ಳು,” ಎಂದಳು ಉಲ್ಬೋಸಿನ್. “ನಾನೂ ಹಂಗೇ ಅಂದ್ಕೊಂಡು ಊರಿಗೆಲ್ಲ ಹಂಚಿದೆ.” ಆಮೇಲೆ ಮುಂದಂಗಿಯ ಜೇಬು ತಡಕಿ, ಇದ್ದ ಗುಳಿಗೆಗಳನ್ನೆಲ್ಲ ತೆಗೆದು ಟೋಗ್‌ಜಾನ್ ಕೈಗಿಟ್ಟಳು. “ತಗೋ ಕಂದಾ. ಸರ್ಕಿತ್ ಅಲ್ಲ ಇದು. ಸುಟ್ಟುಹಾಕು.”

ಕೀಮೋ ಹತ್ತಿಸಿದರು, ರಕ್ತಕಣಗಳು ಕಡಿಮೆಯಾದವು. ಜ್ವರ ಬಂತು. ಹೇಳಿದ್ದಂತೆಯೇ ಆ ಕ್ರಿಮಿ ರಕ್ತಕ್ಕೆ ಇಳಿದಿತ್ತು. ಔಷಧಿ ತಲೆಯ ಹತ್ತಿರವೇ ತೂಗುತ್ತಿದ್ದರಿಂದ ಟೋಗ್‌ಜಾನ್ ಯಾರನ್ನೂ ಕೇಳದೆ ಹತ್ತಿಸಿದಳು. ಮೂತ್ರಪಿಂಡಕ್ಕೆ ಪೆಟ್ಟಾಯಿತು, ಕಿವಿಯೂ ಸ್ವಲ್ಪ ಮಂದವಾಯಿತು, ಅವಳು ಮೂಳೆ ಚಕ್ಕಳವಾದಳು. ಆದರೆ ಉಳಿದಳು.

ಅವಳು ಊರಿಗೆ ಬಂದ ಮೇಲೆ ಏನಾಯಿತು ಎಂದುಕೊಂಡಿರಿ? ಅವರೆಲ್ಲ ಬಂದರು! ಎರಡು ಸಲ ಸಾವನ್ನು ಹಿಂದಕ್ಕೆ ಕಳಿಸಿದವಳಲ್ಲವೇ ಈಗ. ಕ್ರಿಮಿ ಇನ್ನೂ ಅವಳ ಕರುಳಲ್ಲೇ ಇದೆ, ಹೋಗಬಹುದು, ಹೋಗದೆಯೂ ಇರಬಹುದು ಎಂದು ಟೋಗ್‌ಜಾನ್ ಹೇಳಿದ್ದಳು. ಕೈ ಸೋಪಿನಲ್ಲಿ ತೊಳೆಯುತ್ತಿದ್ದರೆ ಆರೋಗ್ಯವಂತರಿಗೆ ಅವಳಿಂದ ಭಯವಿಲ್ಲ, ಬಟ್ಟಲು ಮಾತ್ರ ಹಂಚಿಕೊಳ್ಳುವುದು ಬೇಡ ಎಂದೂ ಹೇಳಿದ್ದಳು. ಇದನ್ನು ನಾನು ಬೀದಿಗೆಲ್ಲ ಕೇಳುವಂತೆ ಸಾರಿದ್ದೆ. ಬಾಗಿಲಿನ ಹಿಡಿ ಮುಟ್ಟಲು ಹೆದರುತ್ತಿದ್ದವರು ಈಗ ಅಂಗಳದ ಮಂಚದ ಮೇಲೆ ಒತ್ತೊತ್ತಾಗಿ ಕೂತಿದ್ದರು. ಮುಂದುಗಡೆಯೇ ಐನಾಶ್, ತೊಡೆಯ ಮೇಲೆ ಚಿಕ್ಕ ಮಗ.

ನಾನು ಬೈಯಲು ಬಾಯಿ ತೆರೆದೆ. ಉಲ್ಬೋಸಿನ್ ಕಣ್ಣಲ್ಲೇ ತಡೆದಳು. ಒಳಗಿನಿಂದ ನಮ್ಮ ಮನೆಯ ಬಂಗಾರದ ಅಂಚಿನ ಬಟ್ಟಲುಗಳನ್ನು ತರಿಸಿ ಎಲ್ಲರಿಗೂ ತಾನೇ ಚಹಾ ಬಗ್ಗಿಸಿಕೊಟ್ಟಳು, ತನ್ನದಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡಳು. ಕದಡಲಿಲ್ಲ. ನಿಧಾನವಾಗಿ ಕುಡಿದಳು. ತಳ ಹತ್ತಿರವಾದಂತೆ ಎಲ್ಲರ ಕಣ್ಣೂ ಆ ಬಟ್ಟಲಿಗೆ ನೆಟ್ಟವು.

“ಅಪಾ,” ಎಂದಳು ಐನಾಶ್ ಬೆಣ್ಣೆಯಂಥ ದನಿಯಲ್ಲಿ, “ಮಗೂಗೆ ಒಂದು ಗುಟುಕು ಬಿಟ್ಕೊಡಿ. ಒಂದೇ ಗುಟುಕು.”

ಉಲ್ಬೋಸಿನ್ ಬಟ್ಟಲಿನೊಳಗೆ ನೋಡಿದಳು. ಆಮೇಲೆ ಕತ್ತನ್ನು ಹಿಂದಕ್ಕೆ ಚೆಲ್ಲಿ, ಕೊನೆಯ ಹನಿಯವರೆಗೂ ಕುಡಿದು, ಬಟ್ಟಲನ್ನು ಮೇಜುವಸ್ತ್ರದ ಮೇಲೆ ಬೋರಲು ಹಾಕಿದಳು. ಹುಟ್ಟಿದಾಗಿನಿಂದ ಎಲ್ಲರಿಗೂ ಉಳಿಸಿಯೇ ಕುಡಿದವಳು ಅವಳು. ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು, ಮಂದ ಕಿವಿಯವರು ಮಾತಾಡುವಂತೆ ಸ್ವಲ್ಪ ಜೋರಾಗಿ.

“ಕಾಮ್‌ಶಾತ್, ನೋಡೇ. ಸಕ್ಕರೆಯೆಲ್ಲ ತಳದಲ್ಲೇ ಇರತ್ತೆ. ಇಷ್ಟು ವರ್ಷ ನನಗೆ ಗೊತ್ತೇ ಇರ್ಲಿಲ್ಲ.”